ನಾಲ್ಕೂಕಾಲು ರೂಪಾಯಿಯ ನ್ಯಾಯ

"ನಿಮಗೆ ನಾಚಿಕೆ ಆಗಲ್ವಾ ಸಾರ್?"

ಕಳೆದ ಬೇಸಿಗೆಯಲ್ಲಿ ನಮ್ಮ ಏರಿಯಾದ ವಿದ್ಯುತ್ ಕಚೇರಿಗೆ ಹೋಗಿ, ಎಂಜಿನಿಯರ್ ಪುಟ್ಟರಾಜು ಅವರ ಮೇಜಿನ ಮುಂದೆ ನಿಂತು ನಾನು ಕೇಳಿದ ಮೊದಲ ಪ್ರಶ್ನೆ ಇದು. ನಮಸ್ಕಾರ ಕೂಡ ಹೇಳಿರಲಿಲ್ಲ. ಅವರು ಆಗಷ್ಟೇ ಚಿತ್ರಾನ್ನದ ಡಬ್ಬಿ ತೆರೆದಿದ್ದರು. ಮುಚ್ಚಿದರು.

"ಯಾವ್ ವಿಷಯಕ್ಕೆ ಮೇಡಂ?" ಅಂದರು. ನಾಚಿಕೆಪಡಬೇಕಾದ ವಿಷಯಗಳು ಹಲವಾರಿವೆ, ಯಾವುದು ಅಂತ ತಿಳಿದರೆ ಆ ಫೈಲ್ ತೆಗೆಯಲು ಅನುಕೂಲ ಅನ್ನುವ ಧ್ವನಿ.

ನಾನು ಬಿಲ್ಲನ್ನು ಮೇಜಿನ ಮೇಲಿಟ್ಟೆ. "ನಮ್ಮ ಮನೆ ಮೇಲೆ ಸೋಲಾರ್ ಹಾಕ್ಸಿದ್ದೀವಿ. ಬಳಸಿ ಮಿಕ್ಕಿದ ಕರೆಂಟ್ ನಿಮ್ಗೆ ಕೊಡ್ತೀವಿ. ಅದಕ್ಕೆ ನೀವು ಯೂನಿಟ್‌ಗೆ ಮೂರು ರೂಪಾಯಿ ಚಿಲ್ಲರೆ ಕೊಡ್ತೀರಾ. ಅದೇ ಕರೆಂಟನ್ನ ನಮ್ಮ ಕಾಂಪೌಂಡ್ ದಾಟಿಸಿ ಪಕ್ಕದ್ಮನೆಯವ್ರಿಗೆ ಆರು ರೂಪಾಯಿಗೆ ಮಾರ್ತೀರಾ. ಹತ್ತಡಿ ದೂರ! ಹತ್ತಡಿಗೆ ಮೂರು ರೂಪಾಯಿ ಅಂದ್ರೆ ನಮ್ಮ ಆಟೋದವ್ರೇ ವಾಸಿ ಅಲ್ವಾ ಸಾರ್?"

ಈ ಕೊನೆಯ ವಾಕ್ಯವನ್ನು ನಾನು ಮನೆಯಲ್ಲೇ ಸಿದ್ಧ ಮಾಡಿಕೊಂಡು ಹೋಗಿದ್ದೆ. ಪಕ್ಕದ ಮೇಜಿನ ಗುಮಾಸ್ತೆ ಕಿಸಕ್ಕನೆ ನಕ್ಕಳು. ಗೆದ್ದೆ ಅಂದುಕೊಂಡೆ.

ಪುಟ್ಟರಾಜು ನಗಲಿಲ್ಲ. "ಮೊದ್ಲು ಕೂತ್ಕೊಳಿ ಮೇಡಂ. ನೀವು ಕರೆಂಟ್ ಕೊಡೋದು ಯಾವಾಗ?"

"ಹಗಲು."

"ಹಗಲಲ್ಲಿ ಯಾವಾಗ?"

"ಮಧ್ಯಾಹ್ನ ಜಾಸ್ತಿ."

"ಮಧ್ಯಾಹ್ನ ಎಲ್ರೂ ಕೊಡ್ತಾರೆ. ನೀವೂ ಕೊಡ್ತೀರಾ, ನಿಮ್ಮ ಹಿಂದಿನ ರೋಡಿನ ಡಾಕ್ಟ್ರೂ ಕೊಡ್ತಾರೆ, ಬಯಲುಸೀಮೇಲಿ ಎಕರೆಗಟ್ಟಲೆ ಪ್ಯಾನಲ್ ಹಾಸಿರೋ ಕಂಪನಿಗಳೂ ಕೊಡ್ತವೆ. ಆ ಹೊತ್ತಲ್ಲಿ ನಂಗೆ ಬೇಕಾ ಅಂತ ಯಾರೂ ಕೇಳಲ್ಲ. ಆಯುಧಪೂಜೆ ಮಾರನೇ ದಿನ ಬೂದುಗುಂಬಳ ತಂದು, ನಿನ್ನೆ ರೇಟೇ ಕೊಡಿ ಅಂದ್ರೆ ನೀವು ಕೊಡ್ತೀರಾ?"

ನಾನು ಬಿಲ್ಲನ್ನು ನನ್ನತ್ತ ಎಳೆದುಕೊಂಡೆ.

"ಸಂಜೆ ಏಳು ಗಂಟೆಗೆ ಕೊಡಿ ಮೇಡಂ. ಡಬಲ್ ರೇಟ್ ಕೇಳಿದ್ರೂ ತಗೊಳ್ಳೋರಿದ್ದಾರೆ."

"ಸಂಜೆ ಏಳಕ್ಕೆ ಸೂರ್ಯ ಎಲ್ಲಿರ್ತಾನೆ ಸಾರ್?"

"ಅದೇ ಪ್ರಾಬ್ಲಂ," ಅಂದರು, ಬಹಳ ದುಃಖದಿಂದ. "ಸಂಜೆ ಏಳಕ್ಕೆ ನೀವೇ ಸ್ವಿಚ್ ಹಾಕಿ ನನ್ ಹತ್ರ ಕೇಳ್ತೀರಾ. ಅವಾಗ ನಾವು ಜಾಸ್ತಿ ದುಡ್ಡು ಕೊಟ್ಟು ಎಲ್ಲಿಂದಲೋ ತಂದು ನಿಮ್ಗೆ ಅದೇ ಆರು ರೂಪಾಯಿಗೆ ಕೊಡ್ಬೇಕು. ಕಂಬ ನಮ್ದು, ತಂತಿ ನಮ್ದು, ಟ್ರಾನ್ಸ್‌ಫಾರ್ಮರ್ ನಮ್ದು. ಮರ ಬಿದ್ರೆ ಮಳೇಲಿ ಕಂಬ ಹತ್ತೋನು ನಮ್ಮ ಲೈನ್‌ಮನ್. ಹತ್ತಡಿ ಅಂದ್ರಲ್ಲ, ಆ ಹತ್ತಡೀಲಿ ಇಷ್ಟೆಲ್ಲ ಇದೆ."

ಮಾತು ಸರಿಯಾಗಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ಮನೆಗೆ ಬಂದವಳೇ ದೂರು ಬರೆಯಲು ಕೂತೆ. ಮೂರು ಪುಟ. ದರ ನಿಗದಿ ಮಾಡುವ ಆಯೋಗಕ್ಕೆ ಒಂದು ಪ್ರತಿ, ಪುಟ್ಟರಾಜು ಅವರ ಮೇಲಧಿಕಾರಿಗಳಿಗೆ ಒಂದು. 'ಹಗಲು ದರೋಡೆ' ಎಂಬ ಪದವನ್ನು ನಾಲ್ಕು ಸಲ ಬಳಸಿದೆ. (ಸೂರ್ಯನ ಬೆಳಕಿನ ವ್ಯಾಪಾರದಲ್ಲಿ ನಡೆಯುವ ಅನ್ಯಾಯಕ್ಕೆ ಇದಕ್ಕಿಂತ ಸೂಕ್ತ ಪದ ನನಗೆ ಸಿಗಲಿಲ್ಲ.) ನನ್ನ ಮೀಟರಿನ ಲೆಕ್ಕವನ್ನು ಸ್ಥಳಕ್ಕೇ ಬಂದು ಪರಿಶೀಲಿಸಬೇಕೆಂದು ಆಗ್ರಹಿಸಿದೆ. ಬರೆದದ್ದನ್ನು ಮನೆಯವರಿಗೆ ಓದಿ ಹೇಳಿದೆ. ಅವರು ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವರು, ಯಾವುದಕ್ಕೂ ಬೇಗ ಸಿಟ್ಟಾಗುವವರಲ್ಲ. "ಚೆನ್ನಾಗಿದೆ ಕಣೇ," ಅಂದರು. ಸಾಲದೆ, ನಮ್ಮ ಮಹಡಿಯ ಬಾಡಿಗೆ ಮನೆಯ ರೇಣುಕಾಳನ್ನೂ ಕೂಗಿ ಕರೆದು ಓದಿ ಹೇಳಿದೆ. ಬರೆಯುವವರ ಚಟ ನಿಮಗೆ ಗೊತ್ತಲ್ಲ?

ಇಲ್ಲಿ ರೇಣುಕಾಳ ಬಗ್ಗೆ ಎರಡು ಮಾತು ಹೇಳಬೇಕು.

ಕುಮಾರಸ್ವಾಮಿ ಲೇಔಟಿನ ನಮ್ಮದು ಮೂವತ್ತು ನಲವತ್ತರ ಸೈಟು. ಕೆಳಗೆ ನಾವಿಬ್ಬರು, ಮೇಲೆ ಬಾಡಿಗೆಯವರು, ಅದರ ಮೇಲೆ ಪ್ಯಾನಲ್ಲುಗಳು. ರೇಣುಕಾ ಗದಗಿನ ಕಡೆಯವಳು. ಗಂಡ ಮಂಜುನಾಥ ಬೊಮ್ಮನಹಳ್ಳಿಯ ಗಾರ್ಮೆಂಟ್ಸಿನಲ್ಲಿ ಸೂಪರ್‌ವೈಸರ್. ಬಂದ ಹೊಸದರಲ್ಲಿ ಇವಳು ಜೋಳದ ರೊಟ್ಟಿ ತಟ್ಟಿ ಅಕ್ಕಪಕ್ಕದವರಿಗೆ ಕೊಡುತ್ತಿದ್ದಳು. ಬಾಯಿಂದ ಬಾಯಿಗೆ ಸುದ್ದಿ ಹೋಗಿ ಬಿಟಿಎಂ ಲೇಔಟಿನ ಮೆಸ್ಸುಗಳಿಂದ ಆರ್ಡರ್ ಬರತೊಡಗಿತು. ಕೈಯಲ್ಲಿ ತಟ್ಟಿ ಪೂರೈಸಲಾಗದೆ ಒಂದು ರೊಟ್ಟಿ ಮಷೀನ್ ತಂದಳು. ಹಿಟ್ಟಿನ ಉಂಡೆ ಇಟ್ಟು ಹಿಡಿಕೆ ಒತ್ತಿದರೆ ಕಾದ ತಟ್ಟೆಗಳ ನಡುವೆ ರೊಟ್ಟಿ ಅಗಲವಾಗುತ್ತದೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನದವರೆಗೆ ಅದು ಓಡುತ್ತದೆ. ಆಮೇಲೆ ಸ್ಕೂಟರಿಗೆ ಚೀಲ ಕಟ್ಟಿಕೊಂಡು ಹೊರಡುತ್ತಾಳೆ.

ದೂರಿನ ಪತ್ರ ಅಂಚೆಗೆ ಹಾಕಿದ ಎರಡು ದಿನಕ್ಕೆ ಅವಳೇ ಕೆಳಗಿಳಿದು ಬಂದಳು. ಕೈಯಲ್ಲಿ ಕರೆಂಟ್ ಬಿಲ್.

"ಆಂಟಿ, ಇಲ್ಲಿತನಕ ಝೀರೋ ಬರ್ತಿತ್ತು. ಈ ಸಲ ನೋಡ್ರಿ."

ಮಷೀನ್ ಅವಳನ್ನು ಇನ್ನೂರು ಯೂನಿಟ್ ದಾಟಿಸಿತ್ತು. ಇನ್ನೂರರ ಒಳಗಿದ್ದರೆ ಸರ್ಕಾರದ ಲೆಕ್ಕ, ದಾಟಿದರೆ ಅಷ್ಟೂ ನಿಮ್ಮ ಲೆಕ್ಕ. ಇದು ಈಗ ಕರ್ನಾಟಕದಲ್ಲಿ ಮಕ್ಕಳಿಗೂ ಗೊತ್ತು.

"ಒಂದ್ ಮಾತ್ ಕೇಳ್ಲೇನ್ರಿ? ನಿಮ್ಮ ಬಿಸಿಲಿನ ಕರೆಂಟ್ ಮಧ್ಯಾಹ್ನ ಸುಮ್ನ ಹೊರಗ ಹೋಗ್ತದಲ್ಲ. ನನ್ನ ಮಷೀನ್ ಓಡೋದೂ ಮಧ್ಯಾಹ್ನನ. ಅದನ್ನ ನನಗ ಕೊಟ್ರ ಹೆಂಗ್ರಿ? ರೊಕ್ಕ ಕೊಡ್ತೀನಿ."

ನೋಡಿ, ನ್ಯಾಯ ಮೆಟ್ಟಿಲಿಳಿದು ನಮ್ಮ ಹಾಲಿಗೇ ಬಂದಿತ್ತು! ನಡುವೆ ಕಂಬ ಇಲ್ಲ, ಕಚೇರಿ ಇಲ್ಲ, ಪುಟ್ಟರಾಜು ಇಲ್ಲ. ಬೆಳೆದವರಿಂದ ನೇರ ಬಳಸುವವರಿಗೆ. ಇಂಥ ವ್ಯವಸ್ಥೆ ಬರಬೇಕು ಅಂತ ನಾನೇ ಇದೇ ಅಂಕಣದಲ್ಲಿ ಎಷ್ಟು ಸಲ ಬರೆದಿಲ್ಲ?

"ಎಷ್ಟಕ್ಕ ಕೊಡ್ತೀರಿ ಆಂಟಿ?"

"ಐದೂವರೆ," ಅಂದೆ.

ಒಂದು ಕ್ಷಣವೂ ಯೋಚಿಸಲಿಲ್ಲ ನಾನು. ಆ ಅಂಕಿ ಎಲ್ಲಿಂದ ಬಂತು ಅಂತ ಈಗಲೂ ಗೊತ್ತಿಲ್ಲ. ಬಹುಶಃ ಆರಕ್ಕಿಂತ ಕಮ್ಮಿ ಕೇಳುವವರು ದೇವರಂಥವರು ಅನ್ನುವ ಭಾವನೆಯಿಂದ ಬಂದಿರಬೇಕು.

ರೇಣುಕಾ ನನ್ನ ಮುಖ ನೋಡಿದಳು. "ಮೊನ್ನೆ ನೀವು ಓದಿ ಹೇಳಿದ್ರಲ್ಲ, ಅದರಾಗ ಅವ್ರು ನಿಮಗ ಮೂರು ಕೊಡ್ತಾರಂತಿತ್ತು. ನಾ ಮೂರೂವರಿ ಕೊಡ್ತೀನಿ. ನಿಮಗೂ ಲಾಭ, ನನಗೂ ಲಾಭ."

(ಮಾರಲು ಕೂರುವವರು ತಮಗೆ ಸಿಗುವ ಬೆಲೆಯನ್ನು ಗಿರಾಕಿಗೆ ಭಾವಪೂರ್ಣವಾಗಿ ಓದಿ ಹೇಳಬಾರದು. ಯಾರಾದರೂ ಬರೆದಿಟ್ಟುಕೊಳ್ಳಿ.)

"ಅಲ್ಲ ರೇಣುಕಾ," ಅಂದೆ, "ತಂತಿ ಎಳೀಬೇಕು, ಮೀಟರ್ ಹಾಕ್ಬೇಕು. ಪ್ಯಾನಲ್ ಆಗಾಗ ತೊಳೀತಿರ್ಬೇಕು. ನಾಳೆ ಏನಾದ್ರೂ ಕೆಟ್ರೆ ರಿಪೇರಿ ಮಾಡ್ಸೋರು ನಾವೇ ತಾನೇ? ಬರೀ ಕರೆಂಟಿನ ರೇಟ್ ನೋಡಿದ್ರೆ ಆಗತ್ತಾ? ಅದನ್ನ ನಿನ್ನ ಅಡುಗೆಮನೆವರ್ಗೂ ತಲುಪ್ಸೋ ಖರ್ಚು ಅಂತ ಒಂದಿರತ್ತೆ."

ಪೇಪರಿನ ಹಿಂದಿನಿಂದ ನಮ್ಮವರ ಧ್ವನಿ ಬಂತು. "ಪುಟ್ಟರಾಜು ಅವ್ರು ಬಂದ್ರಾ?"

ನಾನು ಕೇಳಿಸದವಳಂತೆ ಕೂತೆ. ರೇಣುಕಾ ಮಾತ್ರ ಬಿಡಲಿಲ್ಲ. "ಆಂಟಿ, ನನ್ನ ಮೆತ್ತನ ರೊಟ್ಟಿ ಅವತ್ತಿಂದವತ್ತ ಹೋಗಬೇಕು. ಸಂಜಿಗೆ ಉಳದ್ರ ಕೇಳಿದ ರೇಟಿಗೆ ಕೊಟ್ಟು ಕೈ ತೊಳಕೋತೀನಿ. ಕಡಕ್ ರೊಟ್ಟಿ ಹಂಗಲ್ಲ, ಡಬ್ಬ್ಯಾಗ ಇಟ್ರ ತಿಂಗಳಾದ್ರೂ ರೇಟ್ ಇಳಿಯಂಗಿಲ್ಲ. ನಿಮ್ಮ ಕರೆಂಟ್ ಮೆತ್ತನ ರೊಟ್ಟಿ ರೀ. ಇಟ್ಕೊಳ್ಳಾಕ ಬರಂಗಿಲ್ಲ. ಅದಕ್ಕ ಕಡಕ್ ರೊಟ್ಟಿ ರೇಟ್ ಕೇಳಿದ್ರ ಹೆಂಗ?"

ಸೌರಶಕ್ತಿಯ ಬೆಲೆಯ ಮೇಲೆ ನಡೆಯುವ ಸೆಮಿನಾರುಗಳಿಗೆ ನಾನು ಹೋಗಿದ್ದೇನೆ. ಸ್ಲೈಡ್ ಮೇಲೆ ಸ್ಲೈಡ್ ಹಾಕಿ, ಬ್ಯಾಟರಿ, ಪೀಕ್ ಅವರ್ ಅಂತ ಒಂದೂವರೆ ಗಂಟೆ ಹೇಳಿದ್ದನ್ನು ಈ ಹುಡುಗಿ ಎರಡು ರೊಟ್ಟಿಯಲ್ಲಿ ಮುಗಿಸಿದಳು. ಅಲ್ಲಿ ಊಟವಾದರೂ ಕೊಟ್ಟಿದ್ದರು ಅನ್ನಿ.

ಕೊನೆಗೆ ನಾಲ್ಕೂಕಾಲಕ್ಕೆ ಒಪ್ಪಂದವಾಯಿತು.

ನಮ್ಮವರಿಗೆ ಉತ್ಸಾಹ ಬಂದುಬಿಟ್ಟಿತು. ಡ್ರಾಯಿಂಗ್ ಶೀಟ್ ತೆಗೆದು, ಸೂರ್ಯ, ಪ್ಯಾನಲ್, ಮನೆ, ಮಹಡಿ, ರೊಟ್ಟಿ ಮಷೀನ್ ಎಲ್ಲ ಬಿಡಿಸಿ, ತಂತಿಗೆ ಕೆಂಪು ಬಣ್ಣ ಹಚ್ಚಿ, ಕೆಳಗೆ ಮುದ್ದಾದ ಅಕ್ಷರಗಳಲ್ಲಿ 'ಯೂನಿಟ್ಟಿಗೆ ರೂ. ೪.೨೫' ಎಂದು ಬರೆದರು. ಮೂವರೂ ಸಹಿ ಹಾಕಿದೆವು. ದೊಡ್ಡ ಕಂಪನಿಗಳು ಇದಕ್ಕೆ ಪವರ್ ಪರ್ಚೇಸ್ ಅಗ್ರಿಮೆಂಟ್ ಅನ್ನುತ್ತವೆ, ನೂರಾರು ಪುಟ ಇರುತ್ತದಂತೆ. ನಮ್ಮದರಲ್ಲಿ ಸೂರ್ಯ ನಗುತ್ತಿದ್ದ, ಅಷ್ಟೇ ವ್ಯತ್ಯಾಸ.

ಎಲೆಕ್ಟ್ರಿಷಿಯನ್ ಬಂದ. ನಮ್ಮ ಮೆಟ್ಟಿಲ ಕೆಳಗಿನ ಬೋರ್ಡಿನಿಂದ ತಂತಿ ಎಳೆದು, ರೇಣುಕಾಳ ಅಡುಗೆಮನೆಯಲ್ಲಿದ್ದ ಒಂದೇ ಒಂದು ದೊಡ್ಡ ಸಾಕೆಟ್ಟಿಗೆ ಜೋಡಿಸಿದ. ಬೋರ್ಡಿನಲ್ಲಿ ಒಂದು ಪುಟ್ಟ ಮೀಟರು, ಒಂದು ಸ್ವಿಚ್ಚು. ಕಾನೂನು ಒಪ್ಪುತ್ತದಾ ಅಂತ ಅವನು ಕೇಳಿದ. "ನಮ್ಮ ಮನೆ, ನಮ್ಮ ಬಿಸಿಲು, ಯಾರನ್ ಕೇಳ್ಬೇಕು?" ಅಂದೆ.

ಮೇ ತಿಂಗಳು ಸೊಗಸಾಗಿ ಕಳೆಯಿತು. ರೇಣುಕಾಳ ಬಿಲ್ ಮತ್ತೆ ಸೊನ್ನೆಗೆ ಬಂತು. ಅವಳ ಮಷೀನಿನ ದುಡ್ಡು ನಮಗೆ ಬಂತು. ನಾನು ಸಿಕ್ಕ ಸಿಕ್ಕವರಿಗೆಲ್ಲ ಹೇಳಿಕೊಂಡು ತಿರುಗಿದೆ. ವಾಕಿಂಗಿನಲ್ಲಿ ಒಬ್ಬರನ್ನು ಪಾರ್ಕ್ ಬೆಂಚಿನಲ್ಲಿ ಕೂರಿಸಿ ಇಡೀ ದೇಶದ ವಿದ್ಯುತ್ ಸಮಸ್ಯೆ ಬಗೆಹರಿಸಿದೆ.

ಆಮೇಲೆ ಜೂನ್ ಬಂತು.

ಬೆಂಗಳೂರಿನ ಜೂನ್ ಮೋಡ ನಿಮಗೆ ಹೊಸದಲ್ಲ. ಮಳೆ ಬರುವುದಿಲ್ಲ, ಬಿಸಿಲೂ ಬಿಡುವುದಿಲ್ಲ. ಸುಮ್ಮನೆ ಮೇಲೆ ಕೂತಿರುತ್ತದೆ. ಪ್ಯಾನಲ್ಲುಗಳು ಒಂದಿಷ್ಟೇ ಇಷ್ಟು ಕರೆಂಟ್ ಕೊಟ್ಟು ಸುಮ್ಮನಾದವು. ಆದರೆ ರೊಟ್ಟಿ ಮಷೀನಿಗೆ ಮೋಡ ಗೀಡ ಗೊತ್ತಿಲ್ಲವಲ್ಲ? ಅದು ಎಂದಿನಂತೆ ಓಡಿತು. ಬಿಸಿಲು ಸಾಲದ ಕಡೆ ಹೊರಗಿನ ಕರೆಂಟನ್ನು ನಮ್ಮ ಮೀಟರಿನ ಮೂಲಕವೇ ಎಳೆದುಕೊಂಡಿತು. ನಾವು ಕೊಳ್ಳುವುದು ಆರಕ್ಕೆ, ಅವಳಿಗೆ ಮಾರುವುದು ನಾಲ್ಕೂಕಾಲಕ್ಕೆ.

"ಏನೇ, ಪ್ರತಿ ಯೂನಿಟ್‌ಗೂ ನಾವೇ ಕೈಯಿಂದ ಹಾಕ್ತಿದ್ದೀವಿ," ಅಂದರು ನಮ್ಮವರು ಮೊಬೈಲ್ ನೋಡುತ್ತ. ಅವರಿಗೆ ಅದೊಂದು ತಮಾಷೆಯಾಗಿ ಕಂಡಿತ್ತು. "ಹೋಗ್ಲಿ ಬಿಡು, ಮೋಡ ಹೋಗತ್ತೆ."

ನನಗೆ ತಮಾಷೆಯಾಗಿ ಕಾಣಲಿಲ್ಲ. ಹತ್ತು ದಿನ ಆ ಮೋಡವನ್ನೂ ಮೇಲಿನ ಮಷೀನಿನ ಸದ್ದನ್ನೂ ಒಟ್ಟಿಗೆ ಸಹಿಸಿಕೊಂಡೆ. ಮೇಲೆ ಹೋಗಿ, "ರೇಣುಕಾ, ಹೀಗೀಗಾಗಿದೆ, ರೇಟ್ ಬಗ್ಗೆ ಇನ್ನೊಂದ್ಸಲ ಮಾತಾಡೋಣ್ವಾ?" ಅಂತ ಕೇಳಬಹುದಿತ್ತು. ಎರಡು ನಿಮಿಷದ ಮಾತು. ಆದರೆ 'ಹಗಲು ದರೋಡೆ' ಅಂತ ಓದಿ ಹೇಳಿದ ಬಾಯಲ್ಲಿ ರೇಟು ಏರಿಸುತ್ತೇನೆ ಅನ್ನಲು ನಾಲಿಗೆ ಹೊರಳಲಿಲ್ಲ. ಮರ್ಯಾದೆ ಪ್ರಶ್ನೆ.

ಮರ್ಯಾದಸ್ಥರು ಏನು ಮಾಡುತ್ತಾರೆ? ಹೇಳದೆ ಮಾಡುತ್ತಾರೆ.

ಒಂದು ಮಂಗಳವಾರ, ಬೆಳಿಗ್ಗೆ ಹನ್ನೊಂದಿರಬೇಕು, ನಮ್ಮವರು ತರಕಾರಿಗೆ ಬನಶಂಕರಿಗೆ ಹೋಗಿದ್ದರು. ನಾನು ಮೆಟ್ಟಿಲ ಕೆಳಗೆ ಹೋಗಿ ಆ ಪುಟ್ಟ ಸ್ವಿಚ್ಚನ್ನು ಆಫ್ ಮಾಡಿದೆ. ಟಕ್ ಅಂದಿತು. ಅಷ್ಟೇ. ಇಷ್ಟು ಸುಲಭ ಅಂತ ಗೊತ್ತಿದ್ದರೆ ಪುಟ್ಟರಾಜು ಅವರ ಕೆಲಸದ ಬಗ್ಗೆ ಅಷ್ಟು ಗೌರವ ಇಟ್ಟುಕೊಳ್ಳುತ್ತಿರಲಿಲ್ಲ.

ಅವಳ ಮನೆಗೆ ಅವಳದೇ ಕರೆಂಟ್ ಇದೆಯಲ್ಲ, ಅದಕ್ಕೆ ಹಾಕಿಕೊಳ್ಳಲಿ ಅಂದುಕೊಂಡು ಬಂದು ಹಾಲ್‌ನಲ್ಲಿ ಬರೆಯಲು ಕೂತೆ. ಐದು ನಿಮಿಷ ಕಳೆದ ಮೇಲೆ ನೆನಪಾಯಿತು. ಮಷೀನಿನ ದಪ್ಪ ಪಿನ್ನು ಹಿಡಿಸುವ ಸಾಕೆಟ್ ಅವಳ ಅಡುಗೆಮನೆಯಲ್ಲಿ ಇರುವುದು ಒಂದೇ. ಅದು ಈಗ ನಮ್ಮ ತಂತಿಯದು.

ಮೇಲೆ ಓಡಾಟದ ಸದ್ದು. ಮೆಟ್ಟಿಲ ಮೇಲೆ ಯಾರೋ ಇಳಿದ ಸದ್ದು, ಸ್ವಲ್ಪ ಹೊತ್ತು ಮೌನ, ಮತ್ತೆ ಹತ್ತಿದ ಸದ್ದು. ಬೆಲ್ ಆಗಲಿಲ್ಲ. ಆಮೇಲೆ ಶುರುವಾಯಿತು. ಪಟ್ ಪಟ್ ಪಟ್ ಪಟ್.

ಕೈಯಲ್ಲಿ ತಟ್ಟುತ್ತಿದ್ದಾಳೆ.

ಎದ್ದು ಹೋಗಿ ಸ್ವಿಚ್ ಹಾಕಬಹುದಿತ್ತು. ನಾಲ್ಕು ಹೆಜ್ಜೆ. ಆದರೆ ಹಾಕಿದರೆ, ತೆಗೆದದ್ದು ನಾನೇ ಅಂತ ಒಪ್ಪಿಕೊಂಡಂತೆ ಆಗುತ್ತಿತ್ತು. ಹಾಕಲಿಲ್ಲ. ಒಂದೂವರೆ ಗಂಟೆ ನನ್ನ ತಲೆಯ ಮೇಲೆ ಆ ಹುಡುಗಿ ರೊಟ್ಟಿ ತಟ್ಟಿದಳು, ನಾನು ಕೆಳಗೆ ಕೂತು ಒಂದು ಸಾಲೂ ಬರೆಯಲಿಲ್ಲ.

ನಮ್ಮವರು ಚೀಲ ಹಿಡಿದು ಬಂದರು. "ಈ ಸ್ವಿಚ್ ಯಾಕೆ ಆಫ್ ಆಗಿದೆ?"

"ಟ್ರಿಪ್ ಆಗಿರ್ಬೇಕು," ಅಂದೆ.

ಸ್ವಿಚ್ಚು ತನ್ನಷ್ಟಕ್ಕೆ ಟ್ರಿಪ್ ಆಗುವುದಿಲ್ಲ ಅಂತ ಅವರಿಗೂ ಗೊತ್ತು. ನನ್ನನ್ನು ಒಮ್ಮೆ ನೋಡಿ, ಆನ್ ಮಾಡಿದರು.

ಅಷ್ಟರಲ್ಲಿ ರೇಣುಕಾ ಚೀಲ ಹೊತ್ತು ಇಳಿದಳು. ಅಂಗೈ ಕೆಂಪಗಾಗಿತ್ತು. ಆ ದಿನ ಒಂದು ಹೊಸ ಮೆಸ್ಸಿನ ಮೊದಲ ಆರ್ಡರ್ ಇತ್ತಂತೆ. ನೂರೈವತ್ತು ರೊಟ್ಟಿ, ಹನ್ನೆರಡೂವರೆಗೆ ತಲುಪಬೇಕಿತ್ತು. ಇವಳು ನೂರು ಮುಗಿಸಿ ಹೊರಟಾಗ ಒಂದು ಗಂಟೆ. ಮೆಸ್ಸಿನವನು ಕಾದು ಕಾದು ಬೇರೆ ಕಡೆಯಿಂದ ಚಪಾತಿ ತರಿಸಿಬಿಟ್ಟಿದ್ದ. ಹೊತ್ತೊಯ್ದ ಚೀಲವನ್ನು ಹಾಗೇ ವಾಪಸ್ ತಂದಳು.

ನಮ್ಮ ಬಾಗಿಲಲ್ಲಿ ನಿಂತು ಆರು ರೊಟ್ಟಿ ಕೊಟ್ಟಳು. "ಉಳದಾವ್ರಿ ಆಂಟಿ. ಮೆತ್ತಗದಾವ, ಈಗ ತಿನ್ರಿ."

ಕರೆಂಟ್ ಬಗ್ಗೆ ಒಂದು ಮಾತೂ ಆಡಲಿಲ್ಲ. ನಾನೂ ಆಡಲಿಲ್ಲ.

ಅದಾದ ಮೇಲೆ ಪೇಪರಿನಲ್ಲಿ ಬರುವ ವಿದ್ಯುತ್ ಸುದ್ದಿಗಳು ನನಗೆ ಇದ್ದಕ್ಕಿದ್ದಂತೆ ಅರ್ಥವಾಗತೊಡಗಿದವು. ಮೊದಲೆಲ್ಲ ಪುಟ ತಿರುಗಿಸುತ್ತಿದ್ದೆ. ಈಗ ಅಲ್ಲಿ ನಮ್ಮ ಮನೆಯ ಸುದ್ದಿಯೇ ಬಂದಂತೆ ಕಾಣುತ್ತದೆ. ಸೋಲಾರ್ ಕಂಪನಿಯವರು, ಪ್ಯಾನಲ್ ದುಬಾರಿ ಇದ್ದಾಗ ಒಪ್ಪಿದ ಬೆಲೆಯನ್ನು ಪ್ಯಾನಲ್ ಅಗ್ಗವಾದ ಮೇಲೂ ಕೊಡಿ ಅನ್ನುತ್ತಾರೆ. ಒಪ್ಪಂದ ಅಂದ ಮೇಲೆ ಒಪ್ಪಂದ. ವಿತರಣೆಯವರು, ಕಾಲ ಬದಲಾಗಿದೆ, ಇನ್ನೊಮ್ಮೆ ಕೂತು ಮಾತಾಡೋಣ ಅನ್ನುತ್ತಾರೆ. ಬೆಲೆ ಏರಿದರೆ ಈ ಮಾತುಗಳು ಪರಸ್ಪರ ಬಾಯಿ ಬದಲಿಸಿಕೊಳ್ಳುತ್ತವೆ. ಬಿಸಿಲು ಜಾಸ್ತಿಯಾದ ದಿನ, ಇವತ್ತು ನಿಮ್ಮ ಕರೆಂಟ್ ಬೇಡ, ನಿಲ್ಲಿಸಿ ಅಂತ ಇವರು. ನಿಲ್ಲಿಸಿದ್ದಕ್ಕೂ ದುಡ್ಡು ಕೊಡಿ ಅ‍ಂತ ಅವರು. ಇಬ್ಬರ ಕಡೆಯೂ ಕರಿ ಕೋಟಿನ ವಕೀಲರು. ಇಬ್ಬರ ಮಾತಿನಲ್ಲೂ ನ್ಯಾಯವಿದೆ, ಅದೇ ಕಷ್ಟ. ಹಾಕಿದ ಬಂಡವಾಳ ವಾಪಸ್ ಬರದಿದ್ದರೆ ನಾಳೆ ಪ್ಯಾನಲ್ ಹಾಕುವವರು ಯಾರು? ಬೇಡದ ಹೊತ್ತಿನ ಕರೆಂಟನ್ನು ಬೇಕಾದ ಹೊತ್ತಿನ ಬೆಲೆಗೆ ಕೊಂಡರೆ ಕಂಬ ನಿಲ್ಲಿಸುವವರು ಉಳಿಯುವುದು ಹೇಗೆ?

ಹಾಗಾದರೆ ಇಬ್ಬರಿಗೂ ನಷ್ಟ ಆಗದಂತೆ ನೋಡಿಕೊಳ್ಳುವ ಉಪಾಯವೇನು? ಬಹಳ ಹಳೆಯದು, ಬಹಳ ಸುಲಭದ್ದು. ಬಿಲ್ ಕಟ್ಟುವವರ ಮೇಲೆ ಹಾಕುವುದು. ಅವರಿಗೆ ವಕೀಲರಿಲ್ಲ.

ನನ್ನ ಮನೆಯಲ್ಲೂ ಆದದ್ದು ಅದೇ ಅಲ್ಲವೇ? ಮೋಡದ ನಷ್ಟ ಯಾರದು ಅಂತ ಒಪ್ಪಂದದಲ್ಲಿ ಬರೆದಿರಲಿಲ್ಲ. ಚಿತ್ರದಲ್ಲಿ ಮೋಡವೇ ಇರಲಿಲ್ಲ. ಬಂದಾಗ, ಸ್ವಿಚ್ ಯಾರ ಕೈಯಲ್ಲಿತ್ತೋ ಅವರು ಅದನ್ನು ಇನ್ನೊಬ್ಬರ ತಲೆಗೆ ಕಟ್ಟಿದರು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ನಿಮಗೆ ಹೇಳುತ್ತಲೂ ಇರಲಿಲ್ಲ. ಒಳ್ಳೆಯವಳಾಗಿಯೇ ಉಳಿಯುತ್ತಿದ್ದೆ. ಆದರೆ ಮುಂದಿನ ವಾರ ಗೇಟಿನ ಸದ್ದಾಯಿತು. ನೋಡಿದರೆ ಪುಟ್ಟರಾಜು! ಕೈಯಲ್ಲಿ ನನ್ನ ಮೂರು ಪುಟದ ದೂರು. 'ಹಗಲು ದರೋಡೆ'ಗಳ ಕೆಳಗೆ ಯಾರೋ ಕೆಂಪು ಗೆರೆ ಎಳೆದಿದ್ದರು.

"ಸ್ಥಳ ಪರಿಶೀಲನೆ ಮಾಡಿ ಅಂತ ಬರ್ದಿದ್ರಲ್ಲ ಮೇಡಂ, ಮೇಲಿಂದ ಆರ್ಡರ್ ಆಗಿದೆ. ಬಂದಿದ್ದೀನಿ."

ನಾನೇ ಕರೆಸಿದ್ದು. ಬೇಡ ಅನ್ನುವುದು ಹೇಗೆ? ಅವರು ಮೀಟರ್ ನೋಡಿದರು, ಲೆಕ್ಕ ಬರೆದುಕೊಂಡರು. ಎಲ್ಲ ಸರಿಯಾಗಿತ್ತು. ಹೊರಡಲು ತಿರುಗಿದವರು ನಿಂತರು. ಮೆಟ್ಟಿಲ ಕೆಳಗಿನ ಬೋರ್ಡು, ಪುಟ್ಟ ಮೀಟರು, ಗೋಡೆ ಹತ್ತಿ ಮಹಡಿಯ ಅಡುಗೆಮನೆ ಕಿಟಕಿಯೊಳಗೆ ನುಗ್ಗಿದ ತಂತಿ.

"ಇದೇನ್ ಮೇಡಂ?"

ನಾನು ಬಾಯಿ ತೆರೆಯುವ ಮೊದಲೇ ನಮ್ಮವರು ಒಳಗೆ ಹೋಗಿ, ಹೆಮ್ಮೆಯಿಂದ ಆ ಡ್ರಾಯಿಂಗ್ ಶೀಟನ್ನೇ ತಂದು ಅವರ ಕೈಗಿಟ್ಟರು. ನಲವತ್ತು ವರ್ಷದ ಸಂಸಾರದಲ್ಲಿ ನಾನು ಅವರನ್ನು ಇಷ್ಟು ಪ್ರೀತಿಯಿಂದ ದ್ವೇಷಿಸಿದ್ದು ಇದೇ ಮೊದಲು.

ಪುಟ್ಟರಾಜು ಚಿತ್ರ ನೋಡಿದರು. ಸೂರ್ಯನನ್ನು ನೋಡಿದರು. ಸಹಿಗಳನ್ನು ನೋಡಿದರು. "ನಾಲ್ಕೂಕಾಲು," ಅಂದರು. "ಮೇಡಂ, ನಾವು ನಿಮ್ ಹತ್ರ ಮೂರಕ್ಕೆ ತಗೊಂಡು ಇನ್ನೊಬ್ರಿಗೆ ಮಾರಿದ್ರೆ ಹಗಲು ದರೋಡೆ. ನೀವು ಮಾರಿದ್ರೆ ಏನಂತ ಬರೀಲಿ ನಾನು? ಲೈಸೆನ್ಸ್ ಇಲ್ದೆ ಕರೆಂಟ್ ಮಾರೋ ಹಂಗಿಲ್ಲ. ಈ ಕಾಂಪೌಂಡೊಳಗೆ ಒಂದು ಪ್ರೈವೇಟ್ ವಿದ್ಯುತ್ ಕಂಪನಿ ಇದೆ ಅಂತ ನಂಗೆ ಗೊತ್ತೇ ಇರ್ಲಿಲ್ಲ."

ಮಾತು ಕೇಳಿ ರೇಣುಕಾ ಮೆಟ್ಟಿಲ ಮೇಲೆ ಬಂದು ನಿಂತಿದ್ದಳು, ಕೈ ತುಂಬ ಹಿಟ್ಟು.

ಅವರು ಅವಳತ್ತ ತಿರುಗಿದರು. "ನೀವೇನಮ್ಮ ಗಿರಾಕಿ? ಸರ್ವಿಸ್ ಹೆಂಗಿದೆ ಈ ಕಂಪನೀದು?"

ತಮಾಷೆಗೆ ಕೇಳಿದ್ದು. ಅವಳು ತಮಾಷೆಗೆ ಉತ್ತರಿಸಲಿಲ್ಲ.

"ನಿಮ್ಮದಽ ಬೇಶಿತ್ರಿ ಸರ್. ನೀವು ಕರೆಂಟ್ ತೆಗಿಯೋಕಿಂತ ಮೊದಲ ಮೆಸೇಜರ ಕಳಸ್ತೀರಿ."

ಪುಟ್ಟರಾಜುಗೆ ಅರ್ಥವಾಗಲಿಲ್ಲ. ನನಗೆ ಆಯಿತು. ನಮ್ಮವರು ನೆಲ ನೋಡಿದರು.

"ಅವತ್ತ ನಾ ಕೆಳಗ ಬಂದು ಈ ಬೋರ್ಡಿನ ಮುಂದ ನಿಂತಿದ್ನಿ ಆಂಟಿ," ಅಂದಳು, ಈಗ ನೇರ ನನ್ನನ್ನೇ ನೋಡುತ್ತ. "ಸ್ವಿಚ್ ಆಫ್ ಇತ್ತು. ಹಾಕಬಹುದಿತ್ತು. ಆದ್ರ ಅದು ನಂದಲ್ಲಲ್ರಿ, ನಿಮ್ಮದು. ಮೋಡ ಇದ್ದಾಗ ನಿಮಗ ಲುಕ್ಸಾನ್ ಆಗ್ತದಂತ ನನಗೂ ಗೊತ್ತಿತ್ತು. ಬಿಸಿಲಿಗೊಂದು ರೇಟ್, ಮೋಡಕ್ಕೊಂದು ರೇಟ್ ಅಂದಿದ್ರ ನಾ ಬ್ಯಾಡ ಅಂತಿದ್ನೇನು? ನೀವು ಕೇಳ್ತೀರಂತ ಕಾಯ್ಕೋತ ಕುಂತಿದ್ನಿ."

ಹಿಂದಿನ ವಾರದಿಂದ ನಾನು ಏನೇನೋ ಸಮಜಾಯಿಷಿ ಕಟ್ಟಿಟ್ಟುಕೊಂಡಿದ್ದೆ. ಎಲ್ಲ ಬಿಟ್ಟು, "ತಪ್ಪಾಯ್ತು ರೇಣುಕಾ," ಅಂದೆ. ಬೇರೆಯವರ ಮುಂದೆ ಹೇಳಿದ್ದಕ್ಕೋ ಏನೋ, ಬಹಳ ಸಣ್ಣ ಧ್ವನಿಯಲ್ಲಿ ಬಂತು.

"ಇರ್ಲಿ ಬಿಡ್ರಿ," ಅಂದಳು. ಕ್ಷಮಿಸಿದ್ದೇನೆ ಅನ್ನುವುದಕ್ಕೂ ಇರಲಿ ಬಿಡಿ ಅನ್ನುವುದಕ್ಕೂ ನಡುವೆ ಎಷ್ಟು ದೂರ ಇದೆ ಅಂತ ಕೇಳಿಸಿಕೊಂಡವರಿಗೇ ಗೊತ್ತು.

ಪುಟ್ಟರಾಜು ಒಳ್ಳೆಯವರು. ಕೇಸು ಹಾಕಲಿಲ್ಲ. ಎದುರಿಗೇ ನಿಂತು ತಂತಿ ತೆಗೆಸಿದರು. ಆದರೆ ಕಣ್ಣಿಗೆ ಬಿದ್ದ ಮಷೀನನ್ನು ನೋಡದಂತೆ ಹೋಗಲು ಅವರಿಂದ ಆಗಲಿಲ್ಲ. ವ್ಯಾಪಾರದ ಮಷೀನನ್ನು ಮನೆ ಮೀಟರಿನಲ್ಲಿ ಓಡಿಸುವ ಹಾಗಿಲ್ಲ, ಬೇರೆ ಕನೆಕ್ಷನ್ ತಗೋಬೇಕು ಅಂದರು. ಅರ್ಜಿ ಹಾಕಿ, ಬೇಗ ಮಾಡಿಸಿಕೊಡ್ತೀನಿ ಅಂದರು. ಮಾಡಿಸಿಯೂ ಕೊಟ್ಟರು. ಅದರ ದರ ಬೇರೆ, ತಿಂಗಳ ನಿಗದಿ ಶುಲ್ಕ ಬೇರೆ. ನನಗೆ ನ್ಯಾಯವಾದ ಬೆಲೆ ಸಿಗಬೇಕೆಂದು ನಾನು ಬರೆದ ಪತ್ರದ ಒಟ್ಟು ಫಲ ಇಷ್ಟು: ನನಗೆ ಸಿಗುವುದು ಅದೇ ಮೂರು ಚಿಲ್ಲರೆ, ರೇಣುಕಾ ಕಟ್ಟುವುದು ಮೊದಲಿಗಿಂತ ಜಾಸ್ತಿ.

ಅವಳು ರೊಟ್ಟಿಗೆ ಒಂದು ರೂಪಾಯಿ ಏರಿಸಿದಳು. ಏರಿಸುವ ವಾರ ಮೊದಲೇ ಒಂದೊಂದು ಮೆಸ್ಸಿಗೂ ಹೋಗಿ, ಯಾಕೆ ಏರಿಸುತ್ತಿದ್ದೇನೆ ಅಂತ ಹೇಳಿ ಬಂದಳಂತೆ. ಹಳೆಯ ಮೆಸ್ಸಿನವರು ಒಬ್ಬರೂ ಬಿಟ್ಟುಹೋಗಲಿಲ್ಲ. ಆ ಹೊಸ ಮೆಸ್ಸು ಮಾತ್ರ ಮತ್ತೆ ಸಿಗಲಿಲ್ಲ. ಮನೆ ಖಾಲಿ ಮಾಡುತ್ತಾಳೇನೋ ಅಂತ ನಾನು ಒಳಗೊಳಗೇ ಹೆದರಿದ್ದೆ. ಮಾಡಿಲ್ಲ.

ಕಳೆದ ವಾರ ಪೇಪರಿನಲ್ಲಿ ಒಂದು ಪ್ರಕಟಣೆ ಬಂತು. ಸೌರ ವಿದ್ಯುತ್ತಿನ ಖರೀದಿ ದರವನ್ನು ಮತ್ತೆ ನಿಗದಿ ಮಾಡುತ್ತಾರಂತೆ, ಸಾರ್ವಜನಿಕರು ಅಭಿಪ್ರಾಯ ಹೇಳಬಹುದಂತೆ. ನಮ್ಮವರು ಫಾರಂ ಪ್ರಿಂಟ್ ಹಾಕಿಸಿ ತಂದು ಮೇಜಿನ ಮೇಲಿಟ್ಟರು. ಹೆಸರು, ವಿಳಾಸ ಬರೆದೆ. ಮೂರನೇ ಸಾಲಿಗೆ ಬಂದು ನಿಂತೆ. ನೀವು ಯಾರ ಪರವಾಗಿ ಮಾತನಾಡುತ್ತಿದ್ದೀರಿ? ಉತ್ಪಾದಕರು, ವಿತರಕರು, ಗ್ರಾಹಕರು. ಯಾವುದಾದರೂ ಒಂದಕ್ಕೆ ಮಾತ್ರ ಟಿಕ್ ಹಾಕಿ.

ಅದೇ ಹೊತ್ತಿಗೆ ರೇಣುಕಾ ಬಾಡಿಗೆ ಕೊಡಲು ಬಂದಳು. ಫಾರಂ ಅವಳತ್ತ ತಿರುಗಿಸಿದೆ. "ಯಾವುದಕ್ಕೆ ಹಾಕ್ಲಿ ಹೇಳು, ಮೂರೂ ನಾನೇ ಆಗಿದ್ದೀನಲ್ಲ?"

ಅವಳು ಸೆರಗಿಗೆ ಕೈ ಒರೆಸಿಕೊಂಡು ಬಗ್ಗಿ ಓದಿದಳು.

"ಮ್ಯಾಲಿನ ಎರಡರಾಗ ಯಾವುದಕ್ಕರ ಹಾಕ್ರಿ ಆಂಟಿ. ಮೂರನೇದ್ದೊಂದು ಬಿಡ್ರಿ, ಅದು ನಂದು."